ಪುಲ್ ರಾಡಿನ ಕೊನೆಯ ಒಂದೂವರೆ ಸುತ್ತು

ಓಡಿದ!

ನನ್ನ ಕೈಯಿಂದ ತಪ್ಪಿಸಿಕೊಂಡು ಓಡಿದ ಮೊದಲ ಮನುಷ್ಯ ಈ ಆಂಬ್ರೋಸ್ ಕ್ವಿಲ್. ಅದೂ ಸೋಡಾಬುಡ್ಡಿ ಕನ್ನಡಕದ ಇಂಜಿನಿಯರ್!

ವ್ಯಾನು ಹತ್ತಿ ಬೆನ್ನಟ್ಟಿದೆ. ನಾರ್ತಾಂಪ್ಟನ್‌ಶೈರಿನ ಹಳೇ ಏರ್‌ಫೀಲ್ಡ್ ಅದು. ಈಗ ರೇಸ್ ಕಾರುಗಳ ಟೆಸ್ಟ್ ಟ್ರ್ಯಾಕ್. ಗಾಳಿ ಹೇಗಿತ್ತೆಂದರೆ, ನನ್ನ ಬೇಕನ್ ರೋಲಿನಿಂದ ಬೇಕನ್ ಹಾರಿಹೋಗಿ ಬರೀ ರೋಲು ಉಳಿದಿತ್ತು.

ನಾನು ಪತ್ತೇದಾರ ಕಾಬೋಲ್ಡ್. ನನ್ನ ಹೆಸರು ಕೇಳಿದರೆ ಲಂಡನ್ನಿನ ಅರ್ಧ ಕಳ್ಳರು ಊಟ ಬಿಡುತ್ತಾರೆ. ಉಳಿದರ್ಧ ಊರೇ ಬಿಡುತ್ತಾರೆ. ನಗಬೇಡಿ, ಕೇಳಿ.

ಮೂರು ದಿನದಲ್ಲಿ ಎರಡು ಸಲ ಇಮೋಜೆನ್ ಥ್ರಪ್ ಓಡಿಸುತ್ತಿದ್ದ ಕಾರು ಕಡೆಯ ತಿರುವಿನಲ್ಲಿ ತಳ ನೆಲಕ್ಕೆ ಬಡಿದು ಜಾರಿತ್ತು. 'ನನ್ನ ಡ್ರೈವರನ್ನ ಯಾರೋ ಕೊಲ್ಲೋಕೆ ನೋಡ್ತಿದಾರೆ. ಹುಡುಕಿ' ಎಂದು ಟೀಮಿನ ಒಡತಿ ನನ್ನನ್ನು ಕರೆಸಿದ್ದಳು.

ಈ ವರ್ಷ ಮುಂಗಾಲಿಗಳ ಸಸ್ಪೆನ್ಷನ್ನಿನಲ್ಲಿ ಕಾರಿನ ಭಾರ ಹೊರುವ ಸರಳನ್ನು ಪುಶ್ ರಾಡಿನಿಂದ ಪುಲ್ ರಾಡಿಗೆ ಬದಲಿಸಿದವನು ಕ್ವಿಲ್. ಅನುಮಾನಕ್ಕೆ ಇನ್ಯಾರು ಬೇಕು?

ವ್ಯಾನು ಅಡ್ಡ ಹಾಕಿ, ಇಳಿದು, ಕ್ವಿಲ್ ಕಾಲರ್ ಹಿಡಿದೆ.

"ಎಲ್ಲಿಗಯ್ಯಾ ಓಟ?"

"ತಿರುವಿಗೆ! ಇಮೋಜೆನ್‌ನ ನಿಲ್ಲಿಸ್ಬೇಕು, ಬಿಡೋ!"

"ರೇಡಿಯೋದಲ್ಲಿ ಹೇಳ್ಬಹುದಿತ್ತಲ್ಲ?"

"ನನ್ನ ಹೆಡ್‌ಸೆಟ್ಟು ಕಿತ್ತೆಸೆದು ಅದರ ಮೇಲೇ ವ್ಯಾನು ಹತ್ತಿಸಿದ್ದು ಯಾರು, ನಮ್ಮಜ್ಜಿನಾ?"

ಕಾಲರ್ ಬಿಟ್ಟೆ. ನಾನೇ!

ಅವನು ಮುದುರಿದ ಚೀಟಿಯೊಂದನ್ನು ನನ್ನ ಮೂಗಿಗೆ ಹಿಡಿದ. "ಕಾರಿಗೆ ಏನೇನು ಬದಲಾಯಿಸ್ದೆ ಅಂತ ವಿಲ್ಫ್ ಬರೆದಿಟ್ಟಿದ್ದು. ಈಗಷ್ಟೇ ನೋಡ್ದೆ."

ವಿಲ್ಫ್ ಥ್ರಪ್. ಹೆಡ್ ಮೆಕ್ಯಾನಿಕ್. ಇಮೋಜೆನ್‌ಳ ಅಪ್ಪ.

"ಮಗಳ ಕಾರು ತಳ ಬಡೀತಿದೆ ಅಂತ ರಾಡು ಉದ್ದ ಮಾಡ್ತಾ ಹೋಗಿದಾನೆ... ಪ್ರತಿ ಸಲ!"

"ಉದ್ದ ಮಾಡಿದ್ರೆ ಕಾರು ಮೇಲೇಳಲ್ವಾ?"

"ಪುಶ್ ರಾಡಲ್ಲಿ ಏಳತ್ತೆ. ಅದು ಕೆಳಗಿಂದ ಆನಿಸಿ ನಿಲ್ಲಿಸೋ ಊರುಗೋಲು. ಪುಲ್ ರಾಡಲ್ಲಿ ಕಾರು ನೇತಾಡ್ತಿರತ್ತೆ, ಉಯ್ಯಾಲೆ ಥರ. ಹಗ್ಗ ಉದ್ದ ಆದ್ರೆ ಉಯ್ಯಾಲೆ ಕೆಳಗೇ ತಾನೇ ಬರೋದು? ಇನ್ನೂ ಬಡಿಯತ್ತೆ. ಅವನು ಇನ್ನೂ ತಿರುಗಿಸ್ತಾನೆ. ಈಗ ತುದೀಲಿ ತಿರುಪಿನ ಎರಡು ಸುತ್ತು ಹಿಡಿದಿದ್ರೆ ಹೆಚ್ಚು!"

"ಕಿತ್ತು ಬಂದ್ರೆ?"

"ನೂರ ಅರವತ್ತು ಮೈಲಿ ಸ್ಪೀಡಲ್ಲಿ ಕಿತ್ತು ಬಂದ್ರೆ... ನೀನೇ ಹೇಳು!"

ದೂರದಲ್ಲಿ ಎಂಜಿನ್ ಚೀರಿತು. ಅವಳು ಹೊರಟಾಗಿತ್ತು.

ಕ್ವಿಲ್‌ನನ್ನು ವ್ಯಾನಿನೊಳಗೆ ಎಸೆದೆ. ಆ ಡಬ್ಬಾ ವ್ಯಾನು ಆವತ್ತು ಹಾರಿತು, ಓಡಲಿಲ್ಲ! ತಿರುವಿಗೆ ಮುಂಚಿನ ನೇರ ದಾರಿಗೆ ಅಡ್ಡ ನಿಲ್ಲಿಸಿ, ಇಬ್ಬರೂ ಹುಲ್ಲಿಗೆ ಹಾರಿದೆವು.

ಕಾರು ಬಂತು.

ಬ್ರೇಕು! ಹೊಗೆ... ನನ್ನ ವ್ಯಾನಿನ ಬಾಗಿಲಿಗೆ ಒಂದು ಗೇಣು ಬಿಟ್ಟು ನಿಂತಿತು.

ಇಮೋಜೆನ್ ಹೆಲ್ಮೆಟ್ ಕಿತ್ತಳು. "ತಲೆ ಕೆಟ್ಟಿದ್ಯೇನ್ರೀ ನಿಮಗೆ?"

ವಿಲ್ಫ್ ಇನ್ನೊಂದು ಗಾಡಿಯಲ್ಲಿ ಬೈಯುತ್ತಲೇ ಬಂದ. ಕ್ವಿಲ್ ಚೀಟಿ ಕೊಟ್ಟು ಎರಡೇ ಮಾತು ಹೇಳಿದ. ಮುದುಕನ ಬೈಗುಳ ಅರ್ಧಕ್ಕೇ ನಿಂತಿತು.

ಕಾರಿನ ಮೂತಿಯನ್ನು ಜಾಕಿಗೆ ಎತ್ತಿ ಮಂಡಿಯೂರಿ ಕೂತ. ಎಷ್ಟು ಸುತ್ತು ಉಳಿದಿದೆ ನೋಡಲು ರಾಡಿಗೆ ಸ್ಪ್ಯಾನರ್ ಹಾಕಿ ಬಿಚ್ಚತೊಡಗಿದ. ಒಂದು ಸುತ್ತು... ಒಂದೂವರೆ...

ರಾಡು ಕಳಚಿ ಕೈಗೆ ಬಂತು.

ನಲವತ್ತು ಖೂನಿ ನೋಡಿದವನು ನಾನು. ಆ ಅಪ್ಪನ ಮುಖ ನೋಡಲಾಗದೆ ಆಕಾಶ ನೋಡಿದೆ.

"ಯಾರು ತಿರುಗಿಸಿದ್ದು?" ಇಮೋಜೆನ್ ಕೇಳಿದಳು.

"ನಾನು" ಎಂದ ಕ್ವಿಲ್. ಹಸಿ ಸುಳ್ಳು.

"ಸುಮ್ನಿರೋ" ಎಂದ ವಿಲ್ಫ್. "ನಾನು ಕಣೇ, ಪುಟ್ಟಿ. ಮೂವತ್ತು ವರ್ಷ ಪುಶ್ ರಾಡೇ ಕಟ್ಟಿದ ಕೈ... ಮೂರು ಮಿಲಿಮೀಟರ್ ಎತ್ತರ ಬೇಕು ಅಂದ ತಕ್ಷಣ ತಾನೇ ತಿರುಗತ್ತೆ. ನಾನು ಯೋಚ್ನೆನೇ ಮಾಡ್ಲಿಲ್ಲ."

ಇಮೋಜೆನ್ ಕೈ ಚಾಚಿದಳು.

"ಸ್ಪ್ಯಾನರ್ ಕೊಡಪ್ಪ."

ಕೊಟ್ಟ. ಅವಳು ಅದನ್ನು ಕ್ವಿಲ್ ಕೈಗಿಟ್ಟಳು. ಅಪ್ಪನತ್ತ ತಿರುಗಲಿಲ್ಲ.

ನನ್ನ ಫೋನು ಹೊಡೆದುಕೊಂಡಿತು. ಒಡತಿ.

"ಸಿಕ್ಕಿದ್ನಾ ಆ ಪಾಪಿ?"

"ಸಿಕ್ಕಿದ."

"ಏನು ಬೇಕಿತ್ತಂತೆ ಅವನಿಗೆ?"

"ಮೂರು ಮಿಲಿಮೀಟರ್ ಎತ್ತರ" ಎಂದೆ.