ಮನೆಯಿಂದ ತಂದ ವಾಕ್ಯ

ಮೀನಾ ಪಾಠ ಹೇಳುವ ತರಗತಿಯಲ್ಲಿ ಇದ್ದದ್ದು ಒಂದೇ ಕಾನೂನು. ಇವತ್ತು ಕಲಿತ ಇಂಗ್ಲಿಷ್ ಪದವನ್ನು ನಾಳೆ ಬರುವಾಗ ಒಂದು ವಾಕ್ಯದಲ್ಲಿಟ್ಟು ತರಬೇಕು. ಪುಸ್ತಕದ ವಾಕ್ಯ ನಡೆಯದು, ಸ್ವಂತ ಮನೆಯದ್ದೇ ಆಗಬೇಕು.

ಆಂಡರ್ಸನ್‌ಪೇಟೆಯ ಬೇಕರಿಯೊಂದರ ಮೇಲಿನ ಆ ಕೋಣೆಗೆ ಸುಬ್ರಮಣಿ ಬಂದ ಮೊದಲ ದಿನ ಹೇಳಿಕೊಟ್ಟ ಪದ ‘ರಿಲಕ್ಟಂಟ್’. ಮನಸ್ಸಿಲ್ಲದೆ ಹಿಂದೆಮುಂದೆ ನೋಡುವುದು ಎಂದರ್ಥ. ಮರುದಿನ ಎಲ್ಲರದ್ದೂ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಅವನು ಎದ್ದು ನಿಂತ.

“ಮೈ ಗ್ರ್ಯಾಂಡ್‌ಮದರ್ ಈಸ್ ರಿಲಕ್ಟಂಟ್ ಟು ಸೆಲ್ ದ ಕೌ. ದ ಕೌ ಈಸ್ ಆಲ್ಸೋ ರಿಲಕ್ಟಂಟ್.”

ತರಗತಿ ಗೊಳ್ಳೆಂದಿತು. ಮೀನಾ ಮುಖ ಬಿಗಿ ಹಿಡಿದು ಕೇಳಿದಳು, “ಹಸುವಿನ ಮನಸ್ಸು ನಿಮಗೆ ಹೇಗೆ ಗೊತ್ತಾಯ್ತು?”

“ಕಣ್ಣು ನೋಡಿದ್ರೆ ಗೊತ್ತಾಯ್ತದೆ ಮಿಸ್,” ಎಂದ ಅವನು ನೋಡಿದ್ದು ಅವಳ ಕಣ್ಣನ್ನು. ಮೀನಾ ಬೋರ್ಡಿನ ಕಡೆ ತಿರುಗಿ, ಅಳಿಸಬಾರದ ಪದಗಳನ್ನೆಲ್ಲ ಅಳಿಸಿಬಿಟ್ಟಳು.

ಸುಬ್ರಮಣಿ ಬಂಗಾರಪೇಟೆಯ ನರ್ಸಿಂಗ್ ಹೋಮ್ ಒಂದರಲ್ಲಿ ಸ್ಟಾಫ್ ನರ್ಸ್. ಪಕ್ಕದ ಹಳ್ಳಿಯವನು; ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಡ್ಯೂಟಿ ಮುಗಿಸಿ, ಬಸ್ಸಲ್ಲಿ ನೇತಾಡಿಕೊಂಡು ಸಂಜೆ ತರಗತಿಗೆ ಬರುತ್ತಿದ್ದ. ಐರ್ಲೆಂಡಿನ ಆಸ್ಪತ್ರೆಯೊಂದು ಅವನನ್ನು ಆರಿಸಿಕೊಂಡಿತ್ತು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಪಾಸಾಗುವುದೊಂದೇ ಬಾಕಿ. ಈ ಸಲ ಆಗದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತಿತ್ತು.

ಅವನಿಗೆ ಆಗುವಂತೆಯೇ ಕಾಣುತ್ತಿರಲಿಲ್ಲ. ಬಾಯಲ್ಲಿ ಹೇಳುವ ವಾಕ್ಯ ಚೆಂದ, ಪೇಪರಿನ ಮೇಲೆ ಮಾತ್ರ ಎಲ್ಲ ತಲೆಕೆಳಗು. ‘ಸಬ್‌ಸ್ಟ್ಯಾನ್ಷಿಯಲ್’ ಎಂದರೆ ಅತಿ ಸ್ವಲ್ಪ ಎಂದು ಬರೆದ. ‘ಫ್ಲಕ್ಚುಯೇಟ್’ ಎಂದರೆ ಅಲ್ಲಾಡದೆ ನಿಲ್ಲುವುದಂತೆ! ಪ್ರತಿ ಶುಕ್ರವಾರದ ಟೆಸ್ಟಿನಲ್ಲೂ ಕೊನೆಯ ಸ್ಥಾನ ಅವನದೇ.

ಕೆಂಪು ಗೀಟು ಎಳೆಯುವಾಗ ಮೀನಾಳ ಮುಖದಲ್ಲಿ ಬೇಸರವಿರುತ್ತಿತ್ತು. ಒಳಗೆ ಸಣ್ಣ ಖುಷಿ. ಇವನಿಗೆ ಪದ ಬಂದಷ್ಟೂ ಇವನು ದೂರವಾಗುತ್ತಾನೆ. ದೂರ ಕಳಿಸುವ ಕೆಲಸಕ್ಕೆ ಫೀಸು ತೆಗೆದುಕೊಳ್ಳುತ್ತಿರುವವಳು ತಾನೇ. ಅವನನ್ನು ಪ್ರೀತಿಸುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಆ ಖುಷಿಗೆ ನಾಚಿಕೊಂಡು, ಮರುದಿನ ಅವನಿಗೆ ಎರಡರಷ್ಟು ಪದ ಕೊಡುತ್ತಿದ್ದಳು.

ಒಂದು ಭಾನುವಾರ ಅವಳು ಬಂಗಾರಪೇಟೆಗೆ ಹೋದಳು. ಅಲ್ಲಿಗೆ ಹೋಗಿ ಪಾನಿಪುರಿ ತಿನ್ನದೆ ಬರುವುದುಂಟೇ? ನೀರಿನಂತೆ ತಿಳಿಯಾಗಿ ಕಂಡು, ಬಾಯಿಗಿಟ್ಟರೆ ಮೂಗಲ್ಲಿ ನೀರು ತರಿಸುವ ಆ ಪಾನಿಗಾಗಿ ಅಂಗಡಿಯೊಳಗೆ ಕೂತಳು. ಆಗ ಕಂಬದ ಆಚೆಯ ಮೇಜಿನಲ್ಲಿ ಸುಬ್ರಮಣಿ ಕಂಡ. ಎದುರಿಗೆ ರಾಧ. ಅವನ ಜೊತೆಯಲ್ಲೇ ಕೆಲಸ ಮಾಡುವ ನರ್ಸ್, ಮೀನಾಳ ಶಿಷ್ಯೆಯೂ ಹೌದು.

ಮೀನಾ ಕಂಬದ ಮರೆಗೆ ಸರಿದಳು. ಭಾನುವಾರ, ಪಾನಿಪುರಿ, ಇಬ್ಬರೇ ಇಬ್ಬರು. ಇನ್ನೇನು ಬೇಕು ಅರ್ಥವಾಗಲು? ಎದ್ದು ಹೋಗಬೇಕೆಂದುಕೊಂಡಳು. ಕಿವಿ ಏಳಲಿಲ್ಲ.

“ಅಯ್ಯೋ ಸುಬ್ಬಣ್ಣ, ಆ ಪದ ಇನ್ನೊಂದ್ ಸಲ ಏಳ್ಕೊಡೋ, ತಲೇಗ್ ಓಗ್ತಿಲ್ಲ,” ಅಂದಳು ರಾಧ.

“ನೋಡಮ್ಮ. ನಮ್ಮ ಸೀಮೆ ಅಸು ಇದ್ಯಲ್ಲ, ಒಂದಿನ ಎಂಟು ಲೀಟ್ರು, ಒಂದಿನ ಐದು, ಮತ್ತೆ ಏಳು. ಅದು ಫ್ಲಕ್ಚುಯೇಟ್. ಬೂಸಾ ಸರಿಯಾಗಿ ಆಕಿದ್ಮೇಲೆ ಅನ್ನೆರಡಕ್ಕೆ ಓದ್ರೆ ಸಬ್‌ಸ್ಟ್ಯಾನ್ಷಿಯಲ್. ಬರೀ ಒಂದ್ ಲೋಟ ಜಾಸ್ತಿ ಆದ್ರೆ ಮಾರ್ಜಿನಲ್. ಪರೀಕ್ಷೇಲಿ ಗ್ರಾಫ್ ಬಂದಾಗೆಲ್ಲ ಅಸು ನೆನೆಸ್ಕೊ, ಸಾಕು.”

ಬಾಯಲ್ಲಿದ್ದ ಪಾನಿ ಮೀನಾಳ ನೆತ್ತಿಗೆ ಹತ್ತಿತು. ಶುಕ್ರವಾರ ಅವನು ತಪ್ಪು ಬರೆದದ್ದು ಇದೇ ಪದಗಳನ್ನು! ಅಸೂಯೆ ಎಲ್ಲಿ ಹೋಯಿತೋ, ಆ ಜಾಗದಲ್ಲಿ ಸಿಟ್ಟು ಬಂದು ಕೂತಿತು.

ಸೋಮವಾರ ಸಂಜೆ ಉಳಿದವರೆಲ್ಲ ಇಳಿದು ಹೋದ ಮೇಲೆ ಅವನನ್ನು ನಿಲ್ಲಿಸಿಕೊಂಡು ಅದೇ ಪ್ರಶ್ನೆಪತ್ರಿಕೆ ಮುಂದಿಟ್ಟಳು.

“ನೆನ್ನೆ ಪಾನಿಪುರಿ ಅಂಗಡೀಲಿ ನಾನೂ ಇದ್ದೆ. ಇವತ್ತೂ ತಪ್ಪು ಬರೆದ್ರೆ ನಾಳೆಯಿಂದ ಈ ಮೆಟ್ಟಿಲು ಹತ್ತಬೇಡಿ.”

ಸುಬ್ರಮಣಿಯ ಕಿವಿ ಕೆಂಪಾಯಿತು. ಕೆಳಗಿನ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ತಲೆ ತಗ್ಗಿಸಿ, ಪೆನ್ನು ಎಲ್ಲೂ ನಿಲ್ಲಿಸದೆ ಬರೆದ. ಎಲ್ಲವೂ ಸರಿ. ಗೀಟೆಳೆಯಲು ಕೆಂಪು ಪೆನ್ನಿಗೆ ಜಾಗವೇ ಇರಲಿಲ್ಲ.

“ಯಾಕೆ ಹೀಗೆ ಮಾಡಿದ್ರಿ? ನನ್ನ ಪಾಠನೇ ಸರಿಯಿಲ್ವೇನೋ ಅಂತ ಎಷ್ಟು ಕೊರಗಿದೀನಿ ಗೊತ್ತಾ?”

“ಪಾಸಾದ್ರೆ ಇಲ್ಲಿಗ್ ಬರಂಗಿಲ್ಲ. ಫೇಲಾದ್ರೆ ನಿಮ್ಮ ಬೈಗುಳನಾದ್ರೂ ಸಿಕ್ತದೆ ಅಂದ್ಕೊಂಡೆ,” ಅವನು ಬೆಂಚಿನ ಅಂಚು ಉಜ್ಜುತ್ತಾ ನಿಂತ. “ಅದೂ ಒಸಿ ಸಿಹಿಯಾಗೇ ಬಯ್ತೀರಲ್ಲ ಮಿಸ್.”

“ನಗಿಸಬೇಡಿ! ಆ ಕೆಲಸ ಕೈತಪ್ಪಿದ್ರೆ?”

“ತಪ್ಪಲಿ ಅಂತಲೇ ಇದ್ದೆ.”

ಮೀನಾಳಿಗೆ ಈಗ ನಿಜಕ್ಕೂ ಭಯವಾಯಿತು. ತನಗಾಗಿ ಒಬ್ಬ ಮನುಷ್ಯ ಬದುಕನ್ನೇ ಚೆಲ್ಲಲು ಹೊರಟಿದ್ದಾನೆ. ಪ್ರತಿ ಶುಕ್ರವಾರ ಒಳಗೊಳಗೇ ಹಿಗ್ಗುತ್ತಾ ಇಷ್ಟು ದಿನ ಅದಕ್ಕೆ ತಾನೂ ಕೈಜೋಡಿಸಿದ್ದಾಳೆ.

“ಸುಬ್ರಮಣಿ, ನನಗೋಸ್ಕರ ಫೇಲಾದೋರನ್ನ ನಾನು ಜೀವನವೆಲ್ಲ ಹೇಗೆ ನೋಡ್ಕೊಂಡಿರ್ಲಿ? ನನ್ನ ಮೇಲೆ ಇಷ್ಟ ಇದ್ರೆ ಪಾಸಾಗಿ ಬನ್ನಿ. ಇಲ್ಲಿಗಲ್ಲ, ಉರಿಗಾಮಿನ ನಮ್ಮನೆಗೆ.”

ಹೇಳಿದ ಮೇಲೆ ಅವಳಿಗೇ ಮೈ ಬೆಚ್ಚಗಾಯಿತು. ಅವನು ತಲೆ ಎತ್ತಿದ. ಆ ನೋಟವನ್ನು ಈ ಸಲ ಅವಳು ತಪ್ಪಿಸಲಿಲ್ಲ.

“ಜೀವನವೆಲ್ಲ ಅಂದ್ರಾ ಮಿಸ್?”

“ಅಂದೆ. ಈಗ ಬಸ್ಸಿಗೆ ಹೊರಡಿ.”

“ಬತ್ತೀನಿ,” ಎಂದವನು ಮೆಟ್ಟಿಲ ತುದಿಯಲ್ಲಿ ನಿಂತ. “ನಿಮ್ಮಮ್ಮನ ಅತ್ರ ಯಾವ ಭಾಷೇಲಿ ಮಾತಾಡ್ಬೇಕು?”

“ತಮಿಳಲ್ಲಿ, ನಮ್ಮನೆ ಮಾತು ಅದೇ. ಅದಕ್ಕೆ ಮಾರ್ಕ್ಸ್ ಕೊಡೋಳು ನಾನು,” ಎಂದು ಬಾಗಿಲು ಮುಂದೆ ಮಾಡಿದಳು. ಅದರ ಹಿಂದೆ ನಿಂತು ಒಬ್ಬಳೇ ನಕ್ಕಳು. ಸ್ವಲ್ಪ ಅತ್ತಳು ಕೂಡ.

ಪರೀಕ್ಷೆ ಆಯಿತು, ಫಲಿತಾಂಶವೂ ಬಂತು. ಬೇಕಾದ ಅಂಕಕ್ಕಿಂತ ಹೆಚ್ಚೇ ಬಂದಿತ್ತು.

ಉರಿಗಾಮಿನ ಹಳೆಯ ಮೈನಿಂಗ್ ಕ್ವಾರ್ಟರ್ಸಿನ ಸಾಲುಮನೆಗೆ ಅವನು ಬಂದದ್ದು ಮನೆಯ ಹಾಲಿನಲ್ಲೇ ಕಾಯಿಸಿದ ಪಾಲ್ಕೋವಾ ಡಬ್ಬಿ ಹಿಡಿದು. ಮೀನಾಳ ತಾಯಿ ಕದಿರಮ್ಮ ಕುರ್ಚಿ ಎಳೆದುಕೊಟ್ಟರು. ಮೀನಾ ಅಡುಗೆಮನೆಯ ಬಾಗಿಲಿಗೆ ಒರಗಿದಳು.

ಸುಬ್ರಮಣಿ ಗಂಟಲು ಸರಿಮಾಡಿಕೊಂಡ. “ಅಮ್ಮಾ, ಉಂಗ ಪೊಣ್ಣು... ಉಂಗ ಪೊಣ್ಣು ಎನಕ್ಕು...” ನಿಮ್ಮ ಮಗಳು ನನಗೆ ಎನ್ನುವವರೆಗೆ ಬಂದು ಬಂಡಿ ನಿಂತಿತು.

ಕದಿರಮ್ಮ ಕೇಳುವಷ್ಟು ಕೇಳಿ ಕೈಯೆತ್ತಿದರು. “ಯಾಕಪ್ಪಾ ಇಷ್ಟು ಕಷ್ಟ? ಕನ್ನಡದಲ್ಲೇ ಏಳು. ತೆಲುಗಾದ್ರೂ ಸರಿ, ಎಲ್ಲ ಬತ್ತದೆ ನಂಗೆ.”

ಅವನು ಮೀನಾಳ ಕಡೆ ತಿರುಗಿ ಕಣ್ಣಲ್ಲೇ ದೂರು ಹೇಳಿದ. ಅವಳು ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದಳು.

“ನಿಮ್ಮ ಮಗಳನ್ನ ನಂಗೆ ಕೊಡ್ರಮ್ಮ. ಚೆನ್ನಾಗಿ ನೋಡ್ಕೊಂತೀನಿ,” ಎಂದುಬಿಟ್ಟ ಕನ್ನಡದಲ್ಲಿ, ಒಂದೇ ಉಸಿರಿಗೆ.

ಕದಿರಮ್ಮ ಪಾಲ್ಕೋವಾ ಚೂರು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚಪ್ಪರಿಸಿದರು. “ಬೇಕಂತ್ಲೇ ಫೇಲಾಗ್ತಿದ್ದವ್ನು ನೀನೇ ತಾನೆ? ಸಂಸಾರದಾಗೆ ಆ ಆಟ ನಡೆಯಲ್ಲ ಕಣಪ್ಪ. ಕಾಫಿ ಎಲ್ಲಿ ಮೀನಾ, ಅಳಿಯನಿಗೆ?”

ಅಳಿಯ ಎಂಬ ಮಾತು ಕಿವಿಗೆ ಬಿದ್ದದ್ದೇ, ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ಮೀನಾಳಿಗೆ ತಿಳಿಯಲಿಲ್ಲ.

ಮದುವೆಯಾಗಿ ಅವನು ಮುಂಚೆ ಹೋಗುವುದು, ಅವಳು ಆಮೇಲೆ ಸೇರುವುದು ಎಂದು ಮಾತಾಯಿತು. “ಬಂದು ಸುಮ್ನೆ ಕೂತಿರೋಳಲ್ಲ ನಾನು, ಅಲ್ಲಿ ಓದ್ತೀನಿ,” ಎಂದಿದ್ದಳು ಮೀನಾ. ಓದಬೇಕಾದರೆ ಅದೇ ಪರೀಕ್ಷೆ ಅವಳೂ ಬರೆಯಬೇಕು. ಇಷ್ಟು ಜನಕ್ಕೆ ಹೇಳಿಕೊಟ್ಟವಳು ತಾನೇ ಅದನ್ನು ಒಮ್ಮೆಯೂ ಬರೆದಿರಲಿಲ್ಲ. ಕಡಿಮೆ ಬಂದರೆ ಜನ ಏನೆಂದಾರೆಂಬ ಅಳುಕು.

“ನಾನ್ ಏಳ್ಕೊಡ್ತೀನಿ ಬಾ,” ಎಂದ ಸುಬ್ರಮಣಿ. ‘ಮಿಸ್’ ಹೋಗಿ ‘ನೀನು’ ಬಂದದ್ದು ಯಾವ ಗಳಿಗೆಯಲ್ಲೋ ಇಬ್ಬರಿಗೂ ನೆನಪಿಲ್ಲ.

ಮುಂದಿನ ಸೋಮವಾರ ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ನಿಂತವನು ಅವನು. ಹಿಂದಿನ ಬೆಂಚಿನಲ್ಲಿ ಕೂತವಳು ಅವಳು. ಪಕ್ಕದಲ್ಲಿದ್ದ ರಾಧ ಕಿಸಕ್ಕೆಂದು ನಗುತ್ತಿದ್ದಳು. ಬೋರ್ಡಿನ ಮೇಲೆ ಒಂದೇ ಪದವಿತ್ತು: ರಿಲಕ್ಟಂಟ್.

“ಕಾನೂನು ಗೊತ್ತಲ್ಲ ಮೀನಾ? ಮನೆಯಿಂದ ತಂದ ವಾಕ್ಯ ಆಗ್ಬೇಕು.”

ಮೀನಾ ಎದ್ದು ನಿಂತಳು. ಇಡೀ ತರಗತಿ ಅವಳ ಕಡೆ ತಿರುಗಿತು.

“ದ ಕೌ ವಾಸ್ ರಿಲಕ್ಟಂಟ್,” ಎಂದಳು, ಅವನ ಕಣ್ಣನ್ನೇ ನೋಡುತ್ತಾ. “ಮೀನಾ ಈಸ್ ನಾಟ್.”