ತೋಳಿನ ಮೇಲೆ ನಾಲ್ಕು ಗುರುತು

ಸೋಮವಾರ ಬೆಳಿಗ್ಗೆ ಕಾರ್ಯಾಗಾರದಲ್ಲಿ ನಾನು ಏಪ್ರನ್ ಕಟ್ಟಿಕೊಳ್ಳುತ್ತಿದ್ದಾಗ ಯಜಮಾನರು ಬಂದು ನನ್ನ ಮೇಜಿನ ಮೇಲೆ ಒಂದು ಕೀಲಿಕೈ ಇಟ್ಟರು.

"ಮಹಡಿ ಮೇಲಿನ ರೂಮಿಂದು," ಎಂದರು. "ಇಟ್ಕೊಳ್ಳಿ. ಯಾವಾಗ ಬೇಕಾದ್ರೂ ಬಂದು ಇರಬಹುದು. ಕಾರಣ ಹೇಳ್ಬೇಕಾಗಿಲ್ಲ."

"ಯಾಕೆ ಸರ್?"

"ಕಾರಣ ಬೇಡ ಅಂದ್ನಲ್ಲ. ನಿಮಗೂ ಬೇಡ, ನನಗೂ ಬೇಡ."

ಇಷ್ಟು ಹೇಳಿ, ಗ್ಯಾಸ್ ನೋಡುವ ನೆಪದಲ್ಲಿ ಆ ಕಡೆ ಹೋದರು. ಅವರ ಕಿವಿ ಕೆಂಪಗಾಗಿತ್ತು. ಬರ್ನರ್ ಇನ್ನೂ ಹೊತ್ತಿಸಿರಲಿಲ್ಲ, ಹಾಗಾಗಿ ಅದಕ್ಕೆ ಬೆಂಕಿಯನ್ನು ದೂರುವಂತಿರಲಿಲ್ಲ.

ಅವತ್ತು ಅವರಿಗೆ ಒಂದು ವಿಷಯ ಹೇಳಲೇಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಕೀಲಿಕೈ ನೋಡಿದ ಮೇಲೆ ಒಂದಕ್ಷರವೂ ನೆನಪಿಗೆ ಬರಲಿಲ್ಲ.

ವಿಷಯ ಇಷ್ಟೆ. ಭಾನುವಾರ ಬಂತೆಂದರೆ ನಾನು ಊರಾಚೆಯ ಗುಡ್ಡ ಹತ್ತಿ, ರೆಕ್ಕೆಯಂಥ ಅಗಲ ಬಟ್ಟೆಯನ್ನು ಹಗ್ಗಗಳಿಂದ ಮೈಗೆ ಬಿಗಿದುಕೊಂಡು, ಅಂಚಿನವರೆಗೆ ಓಡಿ, ಅಲ್ಲಿಂದಾಚೆಗೆ ಹಾರುತ್ತೇನೆ. ಪ್ಯಾರಾಗ್ಲೈಡಿಂಗ್. ಗಾಳಿ ಸರಿಯಿದ್ದರೆ ಹದ್ದಿನ ಜತೆ ಸುತ್ತಬಹುದು. ಸರಿಯಿಲ್ಲದಿದ್ದರೆ ಪೊದೆಯಲ್ಲಿ ಬೀಳಬಹುದು. ಎರಡೂ ಮಾಡಿದ್ದೇನೆ. ಮನೆಯಲ್ಲಿ ಅಣ್ಣ ಅತ್ತಿಗೆಗೆ ಗೊತ್ತು. ಕೆಲಸದ ಜಾಗದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮ್ಮದು ಪ್ರಯೋಗಾಲಯಗಳಿಗೆ ಗಾಜಿನ ಸಾಮಾನು ಮಾಡಿಕೊಡುವ ಕಾರ್ಯಾಗಾರ. ಬೆಂಕಿಯ ಮುಂದೆ ಕೂರುವವರು ಯಜಮಾನರು ಮತ್ತು ನಾನು. ಅವರ ಅಕ್ಕ, ನಮಗೆಲ್ಲ ದೊಡ್ಡಕ್ಕ, ಪ್ಯಾಕಿಂಗಿನ ಜತೆಗೆ ಬೈಗುಳದ ಉಸ್ತುವಾರಿಯನ್ನೂ ನೋಡಿಕೊಳ್ಳುತ್ತಾರೆ.

ದಪ್ಪ ಕೊಳವೆಯಾದರೆ ಒಬ್ಬರಿಂದ ಆಗುವುದಿಲ್ಲ. ನಡುವೆ ಜ್ವಾಲೆ, ಆ ತುದಿ ಅವರ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ. ಇಬ್ಬರೂ ಒಂದೇ ವೇಗದಲ್ಲಿ ತಿರುಗಿಸುತ್ತಿರಬೇಕು. ಒಬ್ಬರು ಸ್ವಲ್ಪ ಆತುರಪಟ್ಟರೂ ಕೆಂಪಗೆ ಕಾದ ಗಾಜು ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ಊದುವ ನಳಿಕೆ ಬಾಯಲ್ಲಿರುವುದರಿಂದ ಮಾತಿಲ್ಲ, ಎಲ್ಲವೂ ಕಣ್ಣಲ್ಲೇ. ಅವರು ಎಡಹುಬ್ಬು ಎತ್ತಿದರೆ ಬೇಗ ತಿರುಗಿಸು ಎಂದರ್ಥ.

ಒಂದು ದಿನ ಎತ್ತಿದರು. ನಾನು ಬೇಗ ತಿರುಗಿಸಿದೆ. ಕೊಳವೆ ಹೊಸೆದುಹೋಯಿತು.

"ಯಾಕೆ ಜೋರು ಮಾಡಿದ್ರಿ?"

"ನೀವೇ ಹುಬ್ಬು ಎತ್ತಿದ್ರಲ್ಲ ಸರ್."

"ಅದು ಕೆಲಸದ್ದಲ್ಲ."

"ಮತ್ತೇನದು?"

ಅವರು ಕೆಟ್ಟ ಕೊಳವೆಯನ್ನು ತಾವೇ ಎತ್ತಿಕೊಂಡು ಹೋಗಿ ಚೂರುಗಳ ಡಬ್ಬಕ್ಕೆ ಹಾಕಿ ಬಂದರು. ಅವತ್ತಿನಿಂದ ನನಗೆ ಆ ಹುಬ್ಬಿನ ಮೇಲೆ ವಿಶ್ವಾಸವಿಲ್ಲ, ಕಣ್ಣು ತೆಗೆಯಲೂ ಆಗುವುದಿಲ್ಲ.

ಈಗ ಒಂದು ಸಂಶೋಧನಾ ಸಂಸ್ಥೆಯವರು ಆಳೆತ್ತರದ ಕೊಳವೆ ಕೇಳಿದ್ದರು. ಒಳಗೊಂದು ಸುರುಳಿ, ಅದರೊಳಗೆ ಮತ್ತೊಂದು. ತಿಂಗಳುಗಟ್ಟಲೆ ಕೆಲಸ. "ನಿಮ್ಮ ಕೈ ನಂಬ್ಕೊಂಡು ಒಪ್ಕೋತಿದೀನಿ. ಶನಿವಾರ ಅವರಿಗೆ ಹೂಂ ಅಂತೀನಿ," ಎಂದಿದ್ದರು ಯಜಮಾನರು. ನಡುವೆ ನಾನು ಗುಡ್ಡದಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಎಲ್ಲ ನೆಲ ಕಚ್ಚುತ್ತದೆ. ಹೇಳದೆ ಇರುವುದು ಮೋಸ. ಹೇಳಿದರೆ, ಜ್ವಾಲೆಯ ಈಚೆಗಿನ ಸ್ಟೂಲಿನ ಮೇಲೆ ಬೇರೆ ಯಾರನ್ನೋ ಕೂರಿಸುತ್ತಾರೆ. ಕೆಲಸ ಹೋಗುವುದಕ್ಕಿಂತ ಆ ಸ್ಟೂಲು ಹೋಗುತ್ತದಲ್ಲ ಎಂದು ನನಗೆ ಹೆಚ್ಚು ಹೆದರಿಕೆಯಾಗುತ್ತಿದೆ ಎಂಬುದೇ ನನ್ನನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತು.

ಅದರ ಮೇಲೆ ಈ ಕೀಲಿಕೈ.

ನಾನು ವಿಜ್ಞಾನ ಓದಿದವಳು. ಒಂದು ಘಟನೆಗೆ ಹಲವು ವಿವರಣೆಗಳಿದ್ದರೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕೆಲಸ ಹೆಚ್ಚುತ್ತದೆ, ಇಲ್ಲೇ ಉಳಿಯಲಿ ಎಂದು ಕೊಟ್ಟರೇ? ಹಾಗಿದ್ದರೆ ಕಾರಣ ಬೇಡ ಎಂದದ್ದೇಕೆ? ಪ್ರೀತಿಯೇ? ಪ್ರೀತಿಗೆ ಹೂವು ಕೊಡುತ್ತಾರೆ, ರೂಮು ಕೊಡುವುದಿಲ್ಲ. ಕೊಟ್ಟರೂ ಇಷ್ಟು ದುಃಖದ ಮುಖ ಮಾಡಿಕೊಂಡು ಕೊಡುವುದಿಲ್ಲ.

ಮಧ್ಯಾಹ್ನ ದೊಡ್ಡಕ್ಕನಿಗೆ ತೋರಿಸಿದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿದರು.

"ಅಲ್ವೇ, ಆ ರೂಮಿಗೆ ನಿನ್ನೆಯಿಡೀ ತಾನೇ ಸುಣ್ಣ ಬಳಿದಿದಾನೆ. ಇಷ್ಟು ವರ್ಷದಲ್ಲಿ ತನ್ನ ಕಾಫಿ ಕಪ್ಪು ತಾನು ತೊಳೆದವನಲ್ಲ."

"ಯಾಕಂತೆ?"

"ಕೇಳಿದ್ದಕ್ಕೆ ಗುರ್ ಅಂದ. ಅದಿರಲಿ, ಮನೇಲಿ ಎಲ್ಲ ಚೆನ್ನಾಗಿದೀರ ತಾನೆ?"

"ಚೆನ್ನಾಗಿದೀವಿ."

"ನಿಮ್ಮಣ್ಣ ಕೋಪಿಷ್ಠನಾ?"

ನನಗೆ ನಗು ಬಂತು. ನಮ್ಮಣ್ಣ ಪುಟ್ಟ ಮಕ್ಕಳಿಗೆ ಸಂಗೀತ ಹೇಳಿಕೊಡುವವನು. ಸೊಳ್ಳೆ ಹೊಡೆಯುವಾಗಲೂ ತಾಳ ತಪ್ಪದ ಹಾಗೆ ನೋಡಿಕೊಳ್ಳುವ ಪ್ರಾಣಿ.

ಮರುದಿನ ಸಂಜೆ ಅವನು ನನ್ನನ್ನು ಕರೆದೊಯ್ಯಲು ಸ್ಕೂಟರ್ ತಂದಿದ್ದ. ಯಜಮಾನರು ಬಾಗಿಲಿಗೆ ಅಡ್ಡ ನಿಂತರು.

"ಅವರಿಗೆ ಕೆಲಸ ಇದೆ."

"ಇರಲಿ ಸರ್, ಕಾಯ್ತೀನಿ," ಎಂದ ಅಣ್ಣ ನಗುತ್ತಾ, ಕೈ ಚಾಚಿ.

ಯಜಮಾನರು ಆ ಕೈಯನ್ನೇ ನೋಡಿದರು. ಹಿಡಿಯಲಿಲ್ಲ. "ಈ ಕೈಯಲ್ಲಿ ಏನೇನು ಮಾಡ್ತೀರಿ ನೀವು?"

"ಹಾರ್ಮೋನಿಯಂ ನುಡಿಸ್ತೀನಿ," ಎಂದ ಅಣ್ಣ, ಪಾಪ.

ದಾರಿಯುದ್ದಕ್ಕೂ ಅವನದು ಒಂದೇ ಪ್ರಶ್ನೆ. "ನಿಮ್ಮ ಯಜಮಾನ್ರಿಗೆ ಸಂಗೀತ ಆಗಲ್ವೇನೆ? ಒಳ್ಳೆ ಕಳ್ಳನ್ನ ನೋಡ್ದಂಗೆ ನೋಡ್ತಾರೆ."

ಶುಕ್ರವಾರ ಬಂದರೂ ನನ್ನ ಬಾಯಿ ತೆರೆಯಲಿಲ್ಲ. ಕೊನೆಗೆ ದೊಡ್ಡಕ್ಕ ಅಂಚೆಗೆ ಹೋದ ಸಮಯ ನೋಡಿ ಅವರ ಮೇಜಿನ ಎದುರು ನಿಂತೆ.

ಅವರು ಯಾರೋ ಕಳಿಸಿದ ಒಡೆದ ಫ್ಲಾಸ್ಕಿನ ಚೂರೊಂದನ್ನು ಬೆಳಕಿಗೆ ಹಿಡಿದಿದ್ದರು. ಈ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಗಾಜು ಒಡೆದ ಅಂಚಿನಲ್ಲಿ ಕನ್ನಡಿಯಷ್ಟು ನುಣುಪಾದ ಚುಕ್ಕೆ ಇರುತ್ತದೆ, ಅದರ ಸುತ್ತ ಎಳೆಎಳೆಯಾದ ಗೆರೆಗಳು. ಅದನ್ನು ನೋಡಿ ಏಟು ಎಲ್ಲಿ ಬಿತ್ತು, ಒಳಗಿಂದಲೋ ಹೊರಗಿಂದಲೋ, ಎಲ್ಲ ಹೇಳುತ್ತಾರೆ.

"ಸರ್, ಒಂದು ವಿಷಯ. ಭಾನುವಾರದ್ದು."

ಚೂರು ಹಿಡಿದ ಕೈ ಅಲ್ಲೇ ನಿಂತಿತು. "ಕಷ್ಟ ಆದ್ರೆ ಹೇಳ್ಬೇಡಿ. ನಂಗೊತ್ತು."

"ಗೊತ್ತಾ!"

"ನಿಮ್ಮ ತೋಳಿನ ಮೇಲೆ ಆ ನಾಲ್ಕು ಗುರುತು ನೋಡಿದ ದಿನಾನೇ ಗೊತ್ತಾಯ್ತು. ಸೋಮವಾರ ಬಂದ್ರೆ ಹೊಸದು."

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಮತ್ತೆ ಕೇಳ್ಲೇ ಇಲ್ಲ?"

"ಹೇಗೆ ಕೇಳ್ಲಿ? ಎಷ್ಟು ದಿನದಿಂದ ನಡೀತಿದೆ?"

"ಇಲ್ಲಿಗೆ ಬರೋಕೆ ಮುಂಚಿನಿಂದಾನೂ."

ಅವರು ಕಣ್ಣು ಮುಚ್ಚಿಕೊಂಡರು. "ಬಿಟ್ಟು ಬರೋಕಾಗಲ್ವಾ?"

"ಮನಸ್ಸಿಲ್ಲ ಸರ್. ನೋವಾಗತ್ತೆ, ನಿಜ. ಆದ್ರೆ ಅದ್ರಲ್ಲಿರೋ ಖುಷಿ ಇನ್ಯಾವುದ್ರಲ್ಲೂ ಇಲ್ಲ."

"ಖುಷಿ?"

"ಮೊದಮೊದಲು ಅಣ್ಣಂಗೂ ಭಯ ಇತ್ತು. ಈಗ ಅವನೇ ಕರ್ಕೊಂಡು ಹೋಗಿ, ಗಟ್ಟಿಯಾಗಿ ಹಿಡ್ಕೊಂಡು, ತಳ್ತಾನೆ."

"ತಳ್ತಾನಾ!" ಅವರು ಎದ್ದ ರಭಸಕ್ಕೆ ಸ್ಟೂಲು ಹಿಂದಕ್ಕೆ ಉರುಳಿತು. "ಮನೇಲಿ ಬಿಡಿಸೋರು ಯಾರೂ ಇಲ್ವಾ? ಅತ್ತಿಗೆ?"

"ಅತ್ತಿಗೆ ವಿಡಿಯೋ ಮಾಡ್ತಾರೆ."

ಅವರ ಮುಖ ನೋಡಿ ಎಲ್ಲೋ ಏನೋ ತಪ್ಪಿದೆ ಎಂದು ನನಗೆ ಅನ್ನಿಸಿತು. ಅವರು ಫೋನು ಕೈಗೆತ್ತಿಕೊಂಡಾಗಿತ್ತು.

"ಪೊಲೀಸ್ರಿಗೆ ಹೇಳ್ತೀನಿ. ನೀವು ಇವತ್ತೇ ಮಹಡಿಗೆ ಬಂದ್ಬಿಡಿ."

"ಪೊಲೀಸ್ರಿಗ್ಯಾಕೆ ಸರ್? ನನ್ನ ಹತ್ರ ಲೈಸೆನ್ಸ್ ಇದೆ."

"ಯಾವುದಕ್ಕೆ?"

ಮಾತಿನಲ್ಲಿ ಬಗೆಹರಿಯುವ ಸ್ಥಿತಿ ದಾಟಿತ್ತು. ನಾನು ಅತ್ತಿಗೆ ತೆಗೆದ ವಿಡಿಯೋ ಹಾಕಿ ಅವರ ಕೈಗೆ ಕೊಟ್ಟೆ. ನಾನು ಓಡುತ್ತೇನೆ, ಅಣ್ಣ ಹಿಂದಿನಿಂದ ತಳ್ಳುತ್ತಾನೆ, ಹುಲ್ಲು ಮುಗಿಯುತ್ತದೆ, ನೆಲ ಮುಗಿಯುತ್ತದೆ. ನಾನು ಮುಗಿಯದೆ ಮೇಲೇರುತ್ತೇನೆ.

ಅವರು ಫೋನಿನಿಂದ ಕಣ್ಣೆತ್ತಿ ನನ್ನ ತೋಳು ನೋಡಿದರು.

"ಗುರುತು?"

"ರೆಕ್ಕೆಯಿಂದ ಬರೋ ಪಟ್ಟಿಗಳು ತೋಳಿಗೆ ಒತ್ತುತ್ವೆ. ಒಂದೊಂದು ತೋಳಿಗೂ ನಾಲ್ಕು."

"ನಾಲ್ಕು ಬೆರಳು ಅಂದ್ಕೊಂಡೆ," ಎಂದರು. "ಯಾರೋ ಹಿಡಿದು ಎಳೆದಿದಾರೆ ಅಂತ. ಗಾಜಿನ ಚೂರು ನೋಡಿ ನೋಡಿ, ಗುರುತು ಕಂಡ್ರೆ ಏಟು ಕಾಣತ್ತೆ ನಂಗೆ. ಅಯ್ಯೋ, ನಿಮ್ಮಣ್ಣಂಗೆ ಏನೇನಂದೆ!"

ನಗು ಶುರುವಾಯಿತು. ಇಬ್ಬರಿಗೂ. ಮೇಜು ಹಿಡಿದುಕೊಂಡು ನಕ್ಕೆವು. ನಗುತ್ತಲೇ ಅವರು ವಿಡಿಯೋವನ್ನು ಇನ್ನೊಮ್ಮೆ ನೋಡಿದರು. ಈ ಸಲ ನೆಲ ಮುಗಿಯುವ ಜಾಗದಲ್ಲಿ ನಗು ನಿಂತಿತು.

"ಇದು ಎಷ್ಟು ಎತ್ತರ?"

ಹೇಳಿದೆ. ಅವರು ಬಿದ್ದ ಸ್ಟೂಲನ್ನು ಎತ್ತಿ ಕೂತುಕೊಂಡರು.

"ಅದಕ್ಕೇ ಹೇಳ್ಬೇಕು ಅಂತ ಬಂದೆ ಸರ್. ನಾಳೆ ನೀವು ಹೂಂ ಅನ್ನೋಕೆ ಮುಂಚೆ. ನನ್ನ ಕೈ ನಂಬ್ಕೊಂಡಿದೀರಿ."

"ನಾಳೆ ಅವರಿಗೆ ಹೇಳ್ತೀನಿ, ತುರ್ತಿಗೆ ಒದಗೋ ಹಾಗೆ ಇನ್ನೊಬ್ಬರಿಗೆ ಕಲಿಸಿ ಆಮೇಲೆ ಶುರು ಮಾಡ್ತೀವಿ ಅಂತ. ಕಾದ್ರೆ ಕಾಯ್ಲಿ, ಇಲ್ಲಾಂದ್ರೆ ಬೇಡ. ನಾನು ಬಚ್ಚಲಲ್ಲಿ ಜಾರಿಬಿದ್ರೂ ಅದೇ ಕಥೆ ತಾನೆ? ತಪ್ಪು ನನ್ನ ಲೆಕ್ಕಾಚಾರದ್ದು."

"ಹಾಗಾದ್ರೆ ನನ್ನ ಸ್ಟೂಲು?"

"ಅದರ ಮೇಲೆ ಬೇರೆ ಯಾರನ್ನೂ ಕೂರ್ಸಲ್ಲ." ಅವರು ಬೇಗಬೇಗ ಹೇಳಿದರು. "ಯಜಮಾನನ ಉತ್ತರ ಮುಗೀತು. ಕೆಲಸಕ್ಕೇನೂ ತೊಂದರೆ ಇಲ್ಲ. ನೀವು ಹೋಗಿ."

ನಾನು ಹೋಗಲಿಲ್ಲ. "ಮತ್ತೆ ಮುಖ ಯಾಕೆ ಹೀಗಿದೆ?"

"ಇದು ಯಜಮಾನನ ಮುಖ ಅಲ್ಲ." ಅವರು ಚೂರನ್ನು ಮೇಜಿನ ಮೇಲಿಟ್ಟು ಅದರತ್ತಲೇ ನೋಡುತ್ತ ಮಾತಾಡಿದರು. "ಯಾರೋ ನಿಮಗೆ ಹೊಡೀತಾರೆ ಅಂದ್ಕೊಂಡಾಗ ಏನು ಮಾಡ್ಬೇಕು ಅಂತ ಗೊತ್ತಿತ್ತು. ರೂಮಿಗೆ ಸುಣ್ಣ ಬಳಿದೆ, ಬೀಗ ಹಾಕಿಸಿದೆ, ನಿಮ್ಮಣ್ಣನ್ನ ದುರುಗುಟ್ಕೊಂಡು ನೋಡಿದೆ. ಈಗ ಗಾಳಿ ಹತ್ರ ಹೋಗಿ ಏನಂತ ಜಗಳ ಆಡ್ಲಿ?"

ಪಕ್ಕಪಕ್ಕ ಇಟ್ಟುಕೊಂಡಿದ್ದ ವಿವರಣೆಗಳೆಲ್ಲ ಕಲಸಿಹೋದವು.

"ಇದಕ್ಕೂ ಕೆಲಸಕ್ಕೂ ಸಂಬಂಧ ಇಲ್ಲ," ಎಂದರು. "ಬೇಡ ಅಂದ್ರೆ ಇಲ್ಲಿಗೇ ಬಿಟ್ಬಿಡಿ. ಸೋಮವಾರ ಎಂದಿನ ಹಾಗೆ ಕೂತು ಕೊಳವೆ ತಿರುಗಿಸೋಣ."

"ಅವತ್ತು ಹುಬ್ಬು ಎತ್ತಿದ್ದು ಯಾಕೆ?"

"ನಿಮ್ಮ ಹಣೆ ಮೇಲೆ ಕೂದಲು ಬಂದಿತ್ತು. ಸರಿಸೋಕೆ ಎರಡೂ ಕೈ ಖಾಲಿ ಇರಲಿಲ್ಲ."

"ಭಾನುವಾರ ಬನ್ನಿ. ಇಳಿಯೋ ಜಾಗಕ್ಕೆ," ಎಂದೆ. ಹೇಳಿದ ಮೇಲೆ ನನಗೇ ಅರ್ಥವಾಯಿತು, ನನ್ನ ಉತ್ತರವೂ ಅದೇ ಎಂದು.

ಅವರು ಬಂದರು. ಮೊದಲು ಅಣ್ಣನ ಕೈ ಹಿಡಿದು ಕ್ಷಮೆ ಕೇಳಿದರಂತೆ. ಅಣ್ಣ ಆ ಕೈಯನ್ನು ಬಿಡದೆ ಹಾರ್ಮೋನಿಯಂ ಬಗ್ಗೆ ಹೇಳತೊಡಗಿದನಂತೆ. ಅವನು ಕೆಳಗೇ ಉಳಿದದ್ದರಿಂದ ಅವತ್ತು ತಳ್ಳುವವರಿಲ್ಲದೆ ನಾನೇ ಓಡಿ ಹಾರಿದೆ.

ಗಾಳಿ ಚೆನ್ನಾಗಿತ್ತು. ಬಂಡೆಗಳ ಮೇಲೆ ಬಿಸಿಗಾಳಿ ಎದ್ದು ರೆಕ್ಕೆಯನ್ನು ಎತ್ತಿತು. ಬೇರೆ ದಿನವಾಗಿದ್ದರೆ ಅದರಲ್ಲೇ ಸುತ್ತಿ ಸುತ್ತಿ ಮೋಡದ ಬುಡ ಮುಟ್ಟುತ್ತಿದ್ದೆ. ಮೇಲೆ ಹೋದರೆ ನನ್ನ ತಲೆ ತಿಳಿಯಾಗುತ್ತದೆ, ಅದಕ್ಕೇ ಹೋಗುವುದು. ಅವತ್ತು ಆಗಲಿಲ್ಲ. ಕೆಳಗೆ ಹಸಿರು ಮೈದಾನದಲ್ಲಿ ಒಂದು ಬಿಳಿ ಅಂಗಿ ತಲೆಯೆತ್ತಿ ನಿಂತಿತ್ತು, ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ. ಪಾಪ, ಎಷ್ಟು ಹೆದರಿರಬೇಕು ಎನ್ನಿಸಿತು. ಎತ್ತುವ ಗಾಳಿಯನ್ನು ಬಿಟ್ಟು, ಪಕ್ಕಕ್ಕೆ ಸರಿದು, ಇಳಿದುಬಿಟ್ಟೆ.

ಅವರು ಓಡಿಬರಲಿಲ್ಲ. ನಿಧಾನವಾಗಿ ನಡೆದು ಬಂದರು. ತುಟಿ ಬಿಳಚಿಕೊಂಡಿತ್ತು.

"ಇಷ್ಟು ಬೇಗ?"

"ಗಾಳಿ ಇರಲಿಲ್ಲ."

"ಇತ್ತು ಅಂತ ನಿಮ್ಮಣ್ಣ ಹೇಳಿದ್ರು. ಗಂಟೆಗಟ್ಟಲೆ ಇರ್ಬಹುದಿತ್ತಂತೆ."

ನಾನು ಹೆಲ್ಮೆಟ್ ಬಿಚ್ಚುತ್ತ ತಲೆ ತಗ್ಗಿಸಿದೆ. "ನೀವು ಹೆದರ್ತೀರ ಅಂತ."

"ಹೆದರ್ದೆ. ಈಗಲೂ ಹೆದರಿಕೆ ಹೋಗಿಲ್ಲ, ನೋಡು." ಅವರು ಬಗ್ಗಿ, ನೆಲದ ಮೇಲೆ ಹರಡಿದ್ದ ಬಟ್ಟೆಯನ್ನು ಒಟ್ಟು ಮಾಡತೊಡಗಿದರು. ಮಡಿಚುವ ಕ್ರಮ ಗೊತ್ತಿಲ್ಲ. ತಪ್ಪುತಪ್ಪಾಗಿ ಸುತ್ತಿ, ಉಂಡೆ ಮಾಡಿ ಎದೆಗವಚಿಕೊಂಡು ಎದ್ದು, ಗುಡ್ಡದ ದಾರಿ ಹಿಡಿದರು.

"ಎಲ್ಲಿಗೆ?"

"ಮೇಲಕ್ಕೆ. ಇನ್ನೂ ಬಿಸಿಲಿದೆ. ಬಾ, ಮತ್ತೆ ಹಾರು. ಈ ಸಲ ಸಾಕು ಅನ್ನಿಸಿದ ಮೇಲೆ ಇಳಿ."

"ಮತ್ತೆ ನೀವು?"

ಅವರು ಹಿಂದಿರುಗಿ ನೋಡಿದರು. ಎಡಹುಬ್ಬು ಮೇಲೆ ಹೋಗಿರಲಿಲ್ಲ. ಕಣ್ಣಿನಲ್ಲಿ ನೀರಿತ್ತು, ನಗುವೂ ಇತ್ತು.

"ಹೆದರಿಕೆ ನನ್ನದು. ಅದನ್ನ ನಾನು ನೋಡ್ಕೋತೀನಿ."

ಉಂಡೆಯಿಂದ ಜೋತು ನೆಲದ ಮೇಲೆ ಎಳೆದಾಡುತ್ತಿದ್ದ ಹಗ್ಗಗಳನ್ನು ಹುಲ್ಲಿಗೆ ಸಿಕ್ಕದಂತೆ ಎತ್ತಿ ಹಿಡಿದು, ನಾನು ಅವರ ಹಿಂದೆ ಹತ್ತತೊಡಗಿದೆ.