ಬಾಂದಗಲ್ಲಿನವರೆಗೆ

ಒಡ್ಡಿನ ಗುರುತಿಗೆ ತಾನು ಹಾಕಿದ ಗೂಟಗಳನ್ನು ಯಾರೋ ಕಿತ್ತು ಬೇರೆ ಕಡೆ ನೆಟ್ಟಿದ್ದಾರೆಂದು ನೇತ್ರಾಳಿಗೆ ಹೊಲದ ದಂಡೆಯಿಂದಲೇ ಗೊತ್ತಾಯಿತು. ನಿನ್ನೆ ಸಂಜೆ ಇಳಿಜಾರಿನ ಮೈ ಬಳಸಿ ಬಾಗಿ ಬಾಗಿ ಹೋಗಿದ್ದ ಸಾಲು ಈಗ ಪಟ್ಟಿ ಹಿಡಿದು ಎಳೆದ ಹಾಗೆ ನೆಟ್ಟಗಾಗಿತ್ತು. ಎರಡು ದಿನ ಮೇ ತಿಂಗಳ ಬಿಸಿಲಲ್ಲಿ ಮೈ ಸುಟ್ಟುಕೊಂಡು ಹಾಕಿದ ಮೂವತ್ತಾರು ಗೂಟ. ಸಿಟ್ಟು ನೆತ್ತಿಗೇರಿತು.

ಸಾಲಿನ ಕೊನೆಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ಯುವಕನೊಬ್ಬ ಕೊನೆಯ ಗೂಟವನ್ನು ಕಲ್ಲಿನಿಂದ ಬಡಿಯುತ್ತಿದ್ದ.

"ಏನ್ ಮಾಡಾಕತ್ತೀರಿ ನೀವು?"

"ನಿಮ್ಮ ಕೆಲಸಾನ ರೀ ಮೇಡಂ," ಎಂದ ಅವನು, ಉಪಕಾರ ಮಾಡಿದವನ ನಗುವಿನಲ್ಲಿ. "ಗೆರಿ ಭಾಳ ಸೊಟ್ಟ ಆಗಿತ್ತು. ಬಿಸಲಾಗ ನಿಮಗ ಕಣ್ಣಿಗಿ ಕತ್ತಲಿ ಬಂದಿರಬೇಕಂತ ನಾನ ಸರಿ ಮಾಡೀನಿ."

ನೇತ್ರಾ ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ಮೂರು ತಿಂಗಳ ತರಬೇತಿಗೆಂದು ಹುನಗುಂದದ ಒಂದು ಜಲಾನಯನ ಸಂಸ್ಥೆಗೆ ಸೇರಿ, ಗುಡೂರಿನಿಂದ ಎರಡು ಮೈಲಿ ಒಳಗಿದ್ದ ಈ ಹಳ್ಳಿಗೆ ದಿನವೂ ಕೆಂಪು ಬಸ್ಸಿನಲ್ಲಿ ಬರುತ್ತಿದ್ದಳು. ಎದುರಿಗಿದ್ದವನು ಶಂಕರಲಿಂಗ, ಆ ಹೊಲದ ಒಡೆಯ. ಊರಿನಲ್ಲಿ ಅವನಷ್ಟು ನೆಟ್ಟಗೆ ನೇಗಿಲ ಸಾಲು ಹೊಡೆಯುವವರು ಇನ್ನೊಬ್ಬರಿರಲಿಲ್ಲ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರಂತೆ. ಅಂಥವನ ಕಣ್ಣಿಗೆ ತನ್ನದೇ ಹೊಲದಲ್ಲಿ ಸೊಟ್ಟಗೆ ಹೋದ ಗೆರೆ ಚುಚ್ಚಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ನೇತ್ರಾಳಿಗೆ ಆಗ ಅಷ್ಟೆಲ್ಲ ತಾಳ್ಮೆ ಇರಲಿಲ್ಲ.

"ಬರ್ರಿ ಇಲ್ಲೆ," ಎಂದಳು. "ಹಿಡೀರಿ ಇದನ್ನ."

ಅವಳ ಕೈಯಲ್ಲಿದ್ದದ್ದು ಮೂರು ಬಿದಿರಿನ ಕೋಲುಗಳನ್ನು ಇಂಗ್ಲಿಷಿನ ಎ ಅಕ್ಷರದಂತೆ ಬಿಗಿದ ಚೌಕಟ್ಟು. ನೆತ್ತಿಯಿಂದ ಒಂದು ದಾರ, ದಾರದ ತುದಿಗೆ ಕಲ್ಲು. ಎರಡು ಕಾಲೂ ಒಂದೇ ಮಟ್ಟದಲ್ಲಿದ್ದರೆ ದಾರ ಅಡ್ಡಕೋಲಿನ ನಡುವಿನ ಗುರುತಿಗೆ ಬಂದು ನಿಲ್ಲುತ್ತದೆ.

"ನೀರಿಗೆ ನೆಟ್ಟಗ, ಸೊಟ್ಟ ಗೊತ್ತಿಲ್ರಿ. ಅದಕ್ಕ ಗೊತ್ತಿರೂದು ಎತ್ತರ, ತಗ್ಗು ಅಷ್ಟ. ಒಂದ ಮಟ್ಟದಾಗ ಒಡ್ಡು ಹಾಕಿದ್ರ ನಿಲ್ಲತೈತಿ. ನಿಮ್ಮ ಗೆರಿ ಮ್ಯಾಲ ಹಾಕಿದ್ರ ತಗ್ಗಿನ ಕಡೆ ಓಡಿ ಒಡ್ಡು ಒಡದ ಹೋಗತೈತಿ. ಹಿಡದು ನೀವ ನೋಡ್ರಿ."

ಅವನು ಹಿಡಿದ. ಒಂದು ಕಾಲು ಊರಿ, ಇನ್ನೊಂದನ್ನು ಆಚೀಚೆ ಸರಿಸಿ ಮಟ್ಟ ಹುಡುಕಿದ. ದಾರ ಗುರುತಿಗೆ ಬಂದು ನಿಂತ ಜಾಗದಲ್ಲಿ ಒಂದು ಸಣ್ಣ ಕುಳಿ ಇತ್ತು. ಬೆಳಿಗ್ಗೆ ಅವನೇ ಗೂಟ ಕಿತ್ತ ಕುಳಿ. ಎರಡನೆಯದೂ ಹಾಗೆಯೇ, ಮೂರನೆಯದೂ. ಹನ್ನೊಂದನೆಯ ಕುಳಿಯ ಹತ್ತಿರ ಅವನ ಮುಖದ ನಗು ಹೋಗಿತ್ತು. ಮೂವತ್ತಾರನೆಯದಕ್ಕೆ ಬರುವಷ್ಟರಲ್ಲಿ ಟವೆಲ್ ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ.

"ತಪ್ಪಾತ್ರಿ ಮೇಡಂ," ಎಂದ. "ಆದ್ರೂ ನೋಡಾಕ ಚಂದಿಲ್ಲ."

ನೇತ್ರಾ ನಗಬಾರದೆಂದುಕೊಂಡಿದ್ದಳು. ಆದರೂ ನಕ್ಕುಬಿಟ್ಟಳು.

ಅಂದಿನಿಂದ ಉಳಿದ ಗೆರೆಗಳಿಗೂ ಚೌಕಟ್ಟಿನ ಇನ್ನೊಂದು ಕಾಲು ಹಿಡಿಯಲು ಶಂಕರಲಿಂಗನೇ ಬರತೊಡಗಿದ. ಕಲ್ಲು ತೂಗಾಡುವುದು ನಿಲ್ಲುವವರೆಗೆ ಇಬ್ಬರೂ ಎದುರುಬದುರು ಅಲುಗಾಡದೆ ನಿಲ್ಲಬೇಕು. ಕಲ್ಲನ್ನು ನೋಡಬೇಕಾದ ಕಣ್ಣು ಕಲ್ಲಿನ ಆಚೆಗೆ ಹೋಗುತ್ತಿತ್ತು. ಅವನ ರೆಪ್ಪೆಗೆ ಅಂಟಿದ ಧೂಳು, ಕಿವಿಯ ಪಕ್ಕ ಇಳಿಯುವ ಬೆವರ ಹನಿ, ಎಲ್ಲ ಅವಳಿಗೆ ಬಾಯಿಪಾಠವಾಯಿತು. ಅವನೂ ತನ್ನನ್ನೇ ನೋಡುತ್ತಿದ್ದಾನೆಂದು ತಿಳಿದಾಗ ಅವಳು ಗಂಭೀರವಾಗಿ ದಾರದ ಕಡೆ ತಿರುಗುತ್ತಿದ್ದಳು.

ಒಂದು ದಿನ ಕಲ್ಲು ನಿಲ್ಲಲೇ ಇಲ್ಲ.

"ಯಾಕ ನಿಲ್ಲವಲ್ದು?"

"ಗಾಳಿ ಐತ್ರಿ."

"ಎಲ್ಲೈತಿ ಗಾಳಿ? ಒಂದ ಎಲಿ ಅಳ್ಳಾಡವಲ್ದು."

ಅವನ ಹೆಬ್ಬೆರಳು ಕೋಲನ್ನು ಮೆಲ್ಲಗೆ ಅಲುಗಿಸುತ್ತಿದ್ದುದು ಆಗ ಅವಳಿಗೆ ಕಂಡಿತು. ಅವನ ಕಿವಿ ಕೆಂಪಾಯಿತು. ನೇತ್ರಾ ಬೈಯಲಿಲ್ಲ. ಅಂದು ಎಂಟು ಗೂಟ ಹಾಕುವ ಹೊತ್ತಿನಲ್ಲಿ ಅವರು ಹಾಕಿದ್ದು ಮೂರೇ.

ಮೇಲಿನ ಗುಡ್ಡದಲ್ಲಿ ಊರಿನ ಕಾಸಿಂಬಿ ಮತ್ತು ಇತರ ಹೆಂಗಸರು ನೀರು ತಡೆಯುವ ಅಡ್ಡಗುಂಡಿ ತೋಡಿ, ಹುಲ್ಲಿನ ಬೀಜ, ಬೇವಿನ ಬೀಜ ಊರುತ್ತಿದ್ದರು. ಬೋಳು ಗುಡ್ಡದ ಮೇಲೆ ಮತ್ತೆ ಹುಲ್ಲು ಬರಬೇಕು, ಹುಲ್ಲಿನೊಳಗೆ ಗೌಜಲಕ್ಕಿ ಬರಬೇಕು ಎಂದು ನೇತ್ರಾ ಹೇಳಿದರೆ ಕಾಸಿಂಬಿ ನಗುತ್ತಿದ್ದಳು. "ಹಕ್ಕಿ ಯಾವಾಗ ಬರ್ತಾವೋ ಏನೋ ಅಕ್ಕಾರ. ಕೆಳಗಿನ ಹೊಲದಾಗ ಒಂದ ಜೋಡಿ ಆಗಲೇ ಬಂದಂಗ ಕಾಣತೈತಿ."

ತೊಂದರೆ ಬಂದದ್ದು ಬಾಂದಗಲ್ಲಿನ ಹತ್ತಿರ. ಶಂಕರಲಿಂಗನ ಹೊಲ ಮುಗಿದು ಅವನ ಸೋದರಮಾವ ಬಂಡೆಪ್ಪನ ಹೊಲ ಶುರುವಾಗುವ ಕಡೆ ಹಿರಿಯರು ನೆಟ್ಟ ಕಲ್ಲು ಅದು. ನೇತ್ರಾಳ ಗೆರೆ ಕಲ್ಲನ್ನು ಲೆಕ್ಕಿಸದೆ ದಾಟಿ ಹೋಗಿತ್ತು. ಬಂಡೆಪ್ಪ ಜಲಾನಯನ ಸಮಿತಿಯ ಅಧ್ಯಕ್ಷನೂ ಹೌದು.

"ಒಡ್ಡು ಬಾಂದ ದಾಟಿತಂದ್ರ ನಾಳೆ ಯಾರ ಹೊಲ ಎಲ್ಲಿಗಿ ಮುಗೀತಂತ ಹೇಳಾವ್ರ್ ಯಾರು?" ಎಂದು ಅವನು ಗುಡುಗಿದ. "ಬಾಂದಕ್ಕ ಹಚ್ಚಿ ನೆಟ್ಟಗ ಹಾಕ್ರಿ."

"ಬಾಂದ ಮ್ಯಾಲಿಂದ ಕೆಳಗ ಇಳದೈತ್ರಿ ಯಜಮಾನ್ರ. ಅದಕ್ಕ ಹಚ್ಚಿ ಹಾಕಿದ್ರ ನೀರು ನಿಲ್ಲೂದಿಲ್ಲ. ಮಣ್ಣು ಕೊಚ್ಚಿಗೊಂಡು ಹಳ್ಳಕ್ಕ ಹೋಗತೈತಿ."

"ನಮಗ ಒಕ್ಕಲತನ ಕಲಸಾಕ ಇಳಕಲ್ಲಿಂದ ನೇಕಾರರ ಹುಡುಗಿ ಬರಬೇಕಾತೇನು?"

ಸಂಸ್ಥೆಯ ಹಿರಿಯರಾದ ಶ್ರೀಧರ ಸರ್ ಅವಳನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು. "ಮುಂದಿನ ವಾರ ಮ್ಯಾಲಿನವ್ರು ನೋಡಾಕ ಬರಾಕತ್ತಾರವ್ವಾ. ಅಧ್ಯಕ್ಷರು ಹೇಳಿದಂಗ ಹಾಕಿಬಿಡು. ನಿನಗೂ ಸರ್ಟಿಫಿಕೇಟ್ ಬೇಕಲ್ಲ?"

ಬೇಕಿತ್ತು. ಅದಿಲ್ಲದೆ ಪದವಿ ಮುಗಿಯುವುದಿಲ್ಲ. ನೇತ್ರಾ ಆ ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅತ್ತಳು. ಸರ್ಟಿಫಿಕೇಟಿಗಾಗಿ ಅತ್ತದ್ದಲ್ಲ. ಮಾವನ ಎದುರು ಶಂಕರಲಿಂಗ ತುಟಿ ಬಿಚ್ಚದೆ ನಿಂತಿದ್ದನಲ್ಲ, ಅದಕ್ಕೆ ಅತ್ತಳು.

ಮರುದಿನ ಬೆಳಿಗ್ಗೆ ಬಸ್ಸಿಳಿದಾಗ ರಸ್ತೆಯ ಬದಿಯಲ್ಲಿ ಹತ್ತು ಹದಿನೈದು ಜನ ನಿಂತು ನಗುತ್ತಿದ್ದರು. ಶಂಕರಲಿಂಗ ಎತ್ತು ಹೂಡಿ ನೇಗಿಲು ಹೊಡೆಯುತ್ತಿದ್ದ, ಅವಳ ಗೂಟಗಳ ಗುಂಟ. ಅವನ ಜೀವಮಾನದಲ್ಲೇ ಮೊದಲ ಸೊಟ್ಟ ಸಾಲು. "ಏ ಶಂಕರ್ಯಾ, ಎತ್ತಿಗಿ ಏನಾರ ಕುಡಿಸೀಯೇನಲೇ?" ಎಂದು ಯಾರೋ ಕೂಗಿದರು. ಅವನು ತಿರುಗಿ ನೋಡಲಿಲ್ಲ. ನೇತ್ರಾ ಹೊಲಕ್ಕಿಳಿದು ಎತ್ತಿನ ಮುಂದೆ ಹೋಗಿ ಗೂಟ ತೋರಿಸುತ್ತ ನಡೆದಳು. ನಗುವವರು ನಗಲಿ ಎಂದುಕೊಂಡಳು.

ಬಂಡೆಪ್ಪ ಅಂದೇ ಚಾವಡಿಯಲ್ಲಿ ಸಭೆ ಕೂಡಿಸಿದ. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಗೋಡೆಯ ಬದಿಗೆ. ಶಂಕರಲಿಂಗನ ತಾಯಿ ಗುರುಸಿದ್ದವ್ವನೂ ಬಂದಿದ್ದಳು.

"ಆಕಿ ಗೆರಿ ತಪ್ಪಂತ ಬರದು ಕೊಡ್ಲಿ," ಎಂದ ಬಂಡೆಪ್ಪ. "ನಾಳಿಂದ ಬ್ಯಾರೆ ಊರಿಗಿ ಕಳಸ್ರಿ."

ಶ್ರೀಧರ ಸರ್ ಪೆನ್ನು ಮುಂದೆ ಮಾಡಿದರು. ನೇತ್ರಾ ಮುಟ್ಟಲಿಲ್ಲ.

"ಗೆರಿ ತಪ್ಪಿಲ್ರಿ. ತಪ್ಪಿಲ್ಲದ್ದನ್ನ ತಪ್ಪಂತ ನಾ ಬರಿಯಾಕಿ ಅಲ್ಲ."

"ಬಾಯಿ ಭಾಳ ಐತಿ," ಎಂದ ಬಂಡೆಪ್ಪ. ಆದರೆ ಆಮೇಲೆ ಅವನು ಕೇಳಿದ ಪ್ರಶ್ನೆಯಲ್ಲಿ ಜಗಳಗಂಟತನ ಇರಲಿಲ್ಲ. "ನೀ ಇನ್ನೊಂದ ತಿಂಗಳಿಗಿ ಸರ್ಟಿಫಿಕೇಟ್ ತಗೊಂಡು ಹೋಗಾಕಿ. ನಾವು ಇಲ್ಲೇ ಬಾಳೇವು ಮಾಡಾವ್ರು. ಬರೂ ವರ್ಷ ಮಳಿ ಬಂದು ನಿನ್ನ ಒಡ್ಡು ಒಡೀತಂದ್ರ, ಆಗ ಯಾರು ಬರ್ತಾರ?"

ಅದು ನ್ಯಾಯವಾದ ಮಾತು. ಅದಕ್ಕೇ ಅದು ನೇತ್ರಾಳ ಎದೆಗೆ ತಾಗಿತು. ಗೂಟ ಹಾಕಿ ಹೋಗುವವರು ಬಹಳ ಜನ, ಮಣ್ಣಿನ ಜೊತೆ ಉಳಿಯುವವರು ಯಾರು? ಅವಳು ಎದ್ದು ನಿಂತಳು.

"ನಾ ಬರ್ತೇನಿ. ಬರೂದೇನ್ರಿ, ನಾ ಇಲ್ಲೇ ಇರ್ತೇನಿ. ಒಡದ್ರ ನಾನ ಕಟ್ಟತೇನಿ."

"ಇಲ್ಲೇ ಅಂದ್ರ? ಯಾರ ಮನ್ಯಾಗ?"

ನೇತ್ರಾ ಕಟ್ಟೆಯ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದವನ ಕಡೆ ನೋಡಿದಳು.

"ಅದನ್ನ ಅವರನ್ನ ಕೇಳ್ರಿ."

ಶಂಕರಲಿಂಗ ಎದ್ದ. "ಎಂಟ ದಿನ ಆತು ಮಾವಾ, ಆಕಿನ್ನ ಕೇಳಬೇಕಂತ ಬಾಯಿ ತಗದು ತಗದು ಮುಚ್ಚಾಕತ್ತೀನಿ," ಎಂದ. "ನಿನ್ನೆ ನಿನ್ನ ಮುಂದೂ ಬಾಯಿ ಮುಚ್ಚಿದೆ. ರಾತ್ರಿ ನಿದ್ದಿ ಹತ್ತಲಿಲ್ಲ. ಇನ್ನ ಮುಚ್ಚೂದಿಲ್ಲ. ನಮ್ಮ ಮನ್ಯಾಗ ಇರ್ತಾಳ. ನನ್ನ ಹೇಣ್ತಿ ಆಗಿ ಇರ್ತಾಳ, ಆಕಿ ಹೂಂ ಅಂದ್ರ."

"ಹೂಂ," ಎಂದಳು ನೇತ್ರಾ, ಅಷ್ಟು ಜನರ ನಡುವೆ.

"ಅಕ್ಕಾ, ನೀ ಏನಂತಿ?" ಎಂದು ಬಂಡೆಪ್ಪ ಗುರುಸಿದ್ದವ್ವನ ಕಡೆ ತಿರುಗಿದ.

ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡಳು. "ಬಸವಣ್ಣನ ವಚನ ದಿನಾ ಬಾಯಾಗ ಹೇಳೂ ಮನಿ ನಮ್ದು. ನೇಕಾರಾಕಿ ಅಂತ ಇವತ್ತ ಬಾಗಿಲಾ ಹಾಕಿದ್ರ ನಾಳೆ ಯಾ ಬಾಯಿಲೆ ಹೇಳೂದು?" ಎಂದಳು. ಬಂಡೆಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅವನ ಹಿಂದೆ ಅರ್ಧ ಊರು ಎದ್ದಿತು.

ಭಾನುವಾರ ನೇತ್ರಾ ಇಳಕಲ್ಲಿನಲ್ಲಿ ಅಪ್ಪನಿಗೆ ತಾನೇ ವಿಷಯ ಹೇಳಿದಳು. ಅಪ್ಪ ಮಗ್ಗ ನಿಲ್ಲಿಸಲಿಲ್ಲ, ಮುಖವನ್ನೂ ಎತ್ತಲಿಲ್ಲ. ಸೋಮವಾರ ಅವಳು ಸರ್ಟಿಫಿಕೇಟ್ ಸಿಕ್ಕರೆ ಸಿಗಲಿ, ಬಿಟ್ಟರೆ ಬಿಡಲಿ ಎಂದುಕೊಂಡು ಮೊದಲ ಬಸ್ಸಿಗೇ ಹೊರಟಳು.

ಬಂಡೆಪ್ಪನ ಮಾತಿಗೆ ಹೆದರಿ ಕೆಲಸಕ್ಕೆ ಯಾರೂ ಬಂದಿರಲಿಲ್ಲ. ಹೊಲದಲ್ಲಿದ್ದದ್ದು ಶಂಕರಲಿಂಗ, ಗುರುಸಿದ್ದವ್ವ, ಪುಟ್ಟಿ ಹೊತ್ತ ಕಾಸಿಂಬಿ. ನೇತ್ರಾ ಚಪ್ಪಲಿ ಬಿಟ್ಟು ಸಲಿಕೆ ಹಿಡಿದಳು. ಐದು ದಿನ ನಾಲ್ಕೇ ಜನ ಮಣ್ಣು ಹಾಕಿದರು. ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು. ಆರನೆಯ ದಿನ ಒಡ್ಡು ಬಾಂದಗಲ್ಲಿಗೆ ಬಂದು ಮುಟ್ಟಿತು.

ಶಂಕರಲಿಂಗ ಸಲಿಕೆ ಊರಿ ನಿಂತ. ಕಲ್ಲಿನ ಆಚೆ ಮಾವನ ಹೊಲದಲ್ಲಿ ಅವಳ ಗೂಟಗಳನ್ನು ಯಾರೋ ಕಿತ್ತು ಗುಡ್ಡೆ ಹಾಕಿದ್ದರು.

"ಒಡ್ಡು ಇಲ್ಲಿಗಿ ನಿಂತ್ರ ನೀರು ಬಾಜೂಕಿಂದ ಜಾರತೈತೇನು?"

"ಜಾರೂದಿಲ್ಲ. ತುದಿಯನ್ನ ಮ್ಯಾಲಕ್ಕ ತಿರುಗಿಸೂಣು. ಈ ವರ್ಷಕ್ಕ ಸಾಕು."

"ಆಚೆ ಕಡೆದ್ದು?"

ನೇತ್ರಾ ಬೊಬ್ಬೆಯೊಡೆದ ತನ್ನ ಕೈಯನ್ನು ಅವನ ಕೈಯೊಳಗಿಟ್ಟಳು. ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರು. ಅವಳು ಕೈ ತೆಗೆಯಲಿಲ್ಲ.

"ಬರೂ ವರ್ಷ ಮತ್ತ ಗೂಟ ಹಾಕೂಣು. ಕಿತ್ತರ ಅದರ ಮುಂದಿನ ವರ್ಷ. ನಾವೇನು ಊರು ಬಿಟ್ಟು ಹೋಗಾವ್ರ ಅಲ್ಲಲ್ಲ?"